ಬಿಸಿಯಾದ ಅಂಗೈ

ವಡಾಲ, ಮುಂಬಯಿ
9 ಜನವರಿ 1972

ಕರ್ತನಲ್ಲಿ ಪ್ರಿಯರಾದ ಮಾವನವರಿಗೆ ಸೊಸೆ ದಯಾಮಣಿಯ ವಂದನೆಗಳು.

ನಾವಿಬ್ಬರೂ ಕ್ಷೇಮ. ನೀವು, ನಾದಿನಿ ಮಾರ್ಥಕ್ಕ, ಅವರ ಮನೆಯವರು, ನಮ್ಮ ಮಗಳು ಫೀಬಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್‌ಮಸ್ಸಿಗೆ ಕಳಿಸಿದ ಕರ್ಚಿಕಾಯಿ ಮುಟ್ಟಿದವು. ಮೀರಜದಲ್ಲಿ ಗಾಡಿ ಬದಲಿಸುವಾಗ ಯಾರೋ ಡಬ್ಬಿಯ ಮೇಲೆ ಕೂತಿರಬೇಕು, ಅರ್ಧಕ್ಕರ್ಧ ಪುಡಿಯಾಗಿದ್ದವು. ಚಮಚ ತೆಗೆದುಕೊಂಡು ತಿಂದೆವು.

ಈ ಸಲ ದೊಡ್ಡ ಸುದ್ದಿ ಇದೆ, ಕೂತು ಓದಿರಿ. ನಿಮ್ಮ ಮಗನಿಗೆ ವರ ಸಿಕ್ಕಿದೆ.

ಮಲಾಡಿನಲ್ಲಿ ಸದಾನಂದ ಬ್ರದರ್ ಅಂತ ಒಬ್ಬರಿದ್ದಾರೆ. ಉಡುಪಿ ಕಡೆಯವರು, ಮೊದಲು ಹೋಟೆಲ್ ಮ್ಯಾನೇಜರ್ ಆಗಿದ್ದರು. ಈಗ ಅವರ ಮನೆಯಲ್ಲಿ ಪ್ರತಿ ಶನಿವಾರ ಪ್ರಾರ್ಥನೆಯ ಕೂಟ ನಡೆಯುತ್ತದೆ. ನಂಬಿದ ಪ್ರತಿಯೊಬ್ಬರಿಗೂ ಪವಿತ್ರಾತ್ಮನು ಒಂದಾದರೂ ವರ ಕೊಟ್ಟಿರುತ್ತಾನೆ, ಬಹಳ ಜನ ಅದು ಯಾವುದೆಂದು ತಿಳಿಯದೆಯೇ ಸಾಯುತ್ತಾರೆ ಎಂದು ಅವರು ಬೋಧಿಸುತ್ತಾರೆ. ತಿಳಿಯಬೇಕಾದರೆ ಶುಕ್ರವಾರ ಉಪವಾಸ ಮಾಡಿ, ಮರುದಿನ ಕೂಟದ ನಡುವೆ ಒಂದು ಸ್ಟೂಲಿನ ಮೇಲೆ ಕೂಡಬೇಕು. ಸುತ್ತ ನಿಂತವರು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಾರೆ. ಬ್ರದರ್ ತಮಗೆ ಕಂಡದ್ದನ್ನು ಹೇಳುತ್ತಾರೆ. ಒಬ್ಬರಿಗೆ ಪ್ರವಾದನೆ, ಒಬ್ಬ ಟೈಪಿಸ್ಟ್ ಹುಡುಗಿಗೆ ತಾನೇ ಅರಿಯದ ಅನ್ಯಭಾಷೆಯಲ್ಲಿ ಮಾತಾಡುವ ವರ. ನಿಮ್ಮ ಮಗನಿಗೆ ರೋಗ ವಾಸಿಮಾಡುವ ವರ.

ಡಿಸೆಂಬರಿನ ಆ ಶನಿವಾರವೇ ನಿಮ್ಮ ಮಗ ನನ್ನ ಬೆನ್ನಿನ ಮೇಲೆ ಕೈ ಇಟ್ಟರು. ಮಾವನವರೇ, ನಿಮಗೆ ಸುಳ್ಳು ಹೇಳುವುದಿಲ್ಲ, ಅಂಗೈ ಬಿಸಿಯಾಗಿತ್ತು. ಸೀರೆ, ಕುಪ್ಪಸ ದಾಟಿ ಇಸ್ತ್ರಿಪೆಟ್ಟಿಗೆಯ ಹಾಗೆ ತಾಕಿತು. ಅವತ್ತು ಕೆಮ್ಮು ಬರಲಿಲ್ಲ. ಮರುದಿನವೂ ಬರಲಿಲ್ಲ. ಇವತ್ತಿನವರೆಗೂ ಇಲ್ಲ.

ಕಳೆದ ಜೂನಿನಲ್ಲಿ ನೀವು ಫೀಬಿಯನ್ನು ಬೆಟಗೇರಿಗೆ ಕರೆದುಕೊಂಡು ಹೋದಾಗ ನಾನು ದಾದರ ಸ್ಟೇಷನ್ನಿನಲ್ಲಿ ಕಂಬದ ಹಿಂದೆ ನಿಂತಿದ್ದೆ. ಮಗುವಿನ ಹತ್ತಿರ ಉಸಿರು ಬಿಡಬೇಡ ಅಂತ ಡಾಕ್ಟರರು ಹೇಳಿದ್ದರು. ಅವಳು ಕಿಟಕಿಯಿಂದ ನನ್ನನ್ನು ಹುಡುಕುತ್ತಿದ್ದಳು. ಈಗ ಆ ದಿನ ಮುಗಿಯಿತು. ಬೇಸಿಗೆಯಲ್ಲಿ ಅವಳನ್ನು ಕಳಿಸಿಕೊಡಿರಿ. ನನಗೆ ಇನ್ನೇನೂ ಬೇಡ.

ನನ್ನ ವರ ಯಾವುದೆಂದು ಮಾತ್ರ ತಿಳಿಯಲಿಲ್ಲ. ಎರಡು ಸಲ ಸ್ಟೂಲಿನ ಮೇಲೆ ಕೂತೆ. ಬ್ರದರ್ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತು, "ಎಂಥದೂ ಕಾಣುವುದಿಲ್ಲ ಸಿಸ್ಟರ್, ಎಂಥದೋ ತಡೆ ಉಂಟು" ಅಂದರು. ಮೂವತ್ತು ವರ್ಷ ಉಪದೇಶಿಯಾಗಿದ್ದವರು ನೀವು, ಎಷ್ಟೋ ಜನರನ್ನು ನೋಡಿದ್ದೀರಿ. ನನಗೆ ಯಾವ ವರ ಇರಬಹುದು, ತಿಳಿದರೆ ಬರೆಯಿರಿ.

ನಿಮ್ಮ ಸೊಸೆ
ದಯಾಮಣಿ

(ಅಪ್ಪಾ, ಕ್ಷೇಮ. ಸ್ತೋತ್ರ. — ಸಿಲ್ವಾನ)


ಬೆಟಗೇರಿ
24 ಜನವರಿ 1972

ಪ್ರಿಯ ಮಗಳು ದಯವ್ವನಿಗೆ, ಕರ್ತನ ಕೃಪೆಯೂ ಸಮಾಧಾನವೂ ನಿನಗಿರಲಿ.

ನಿನ್ನ ಪತ್ರವನ್ನು ಫೀಬಿಗೆ ಓದಿ ಹೇಳಿದೆ. ಕರ್ಚಿಕಾಯಿಯನ್ನು ಚಮಚದಿಂದ ತಿಂದದ್ದು ಬಿಟ್ಟು ಉಳಿದದ್ದೇನೂ ಅವಳಿಗೆ ಬೇಕಾಗಲಿಲ್ಲ. ಈಗ ತನಗೂ ಪುಡಿ ಮಾಡಿ ಕೊಡಬೇಕಂತೆ. ಮಾರ್ಥ ಬೈಯುತ್ತಿದ್ದಾಳೆ.

ನಿನ್ನ ಗಂಡನಿಗೆ ಪತ್ರ ಬರೆಯುವ ವರ ಸಿಗಲಿಲ್ಲವೆಂದು ಕಾಣುತ್ತದೆ. ನಿನ್ನ ಪತ್ರದ ಬಾಲಕ್ಕೆ ಮೂರು ಶಬ್ದ ಕಟ್ಟಿ ಕಳಿಸಿದ್ದಾನೆ. ಸಣ್ಣವನಿದ್ದಾಗ ಗಾಯಗೊಂಡ ಗುಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಸಾಲೆಗೆ ಹೋಗುತ್ತಿದ್ದ ಹುಡುಗ ಅವನು. ಅವನ ಕೈ ಬಿಸಿಯಾಯಿತೆಂದರೆ ನನಗೆ ಆಶ್ಚರ್ಯವಿಲ್ಲ. ಪ್ರೀತಿ ಇದ್ದವರ ಕೈ ಬಿಸಿ ಇರುತ್ತದೆ.

ಆದರೆ ಒಂದು ಮಾತು ಕೇಳು. ಜೂನಿನಿಂದ ನೀನು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದೀ. ಡಿಸೆಂಬರಿನಲ್ಲಿ ಕೆಮ್ಮು ನಿಂತಿತು. ಇದರಲ್ಲಿ ಸೂಜಿಯ ಪಾಲೆಷ್ಟು, ಸಿಲ್ವಾನನ ಅಂಗೈಯ ಪಾಲೆಷ್ಟು ಎಂದು ತಕ್ಕಡಿ ಹಿಡಿಯುವ ಗೋಜಿಗೆ ನಾನು ಹೋಗುವುದಿಲ್ಲ. ಎರಡೂ ದೇವರವೇ. ನಾನೂ ಊರೂರು ಸೈಕಲ್ ತುಳಿದು ಎಷ್ಟೋ ಜನರ ತಲೆಯ ಮೇಲೆ ಕೈ ಇಟ್ಟಿದ್ದೇನೆ. ಕೆಲವರು ಎದ್ದರು, ಬಹಳ ಜನರನ್ನು ಹೂಳಿದೆ. ಎದ್ದವರಿಗೂ ಮೊದಲು ಮಿಷನ್ ಆಸ್ಪತ್ರೆಯ ಔಷಧ ಕುಡಿಸಿಯೇ ಪ್ರಾರ್ಥಿಸಿದ್ದು. ಡಾಕ್ಟರರು ಸಾಕು ಅನ್ನುವ ತನಕ ಸೂಜಿ ಬಿಡಬೇಡ.

ಇನ್ನು ನಿನ್ನ ವರ. ನನ್ನನ್ನೂ ಯಾರೂ ಸ್ಟೂಲಿನ ಮೇಲೆ ಕೂಡಿಸಿ ಹೇಳಲಿಲ್ಲ. ನಿನ್ನ ಅತ್ತೆ ಮಾತ್ರ ಹೇಳುತ್ತಿದ್ದಳು, ಯಾರ ಮನೆಗೆ ಹೋದರೂ ಸರಿಯಾಗಿ ಊಟದ ಹೊತ್ತಿಗೆ ಹೋಗುವುದೇ ನನ್ನ ವರವೆಂದು. ನಿನ್ನದು ತನ್ನಷ್ಟಕ್ಕೆ ಗೊತ್ತಾಗುತ್ತದೆ. ಅವಸರ ಮಾಡಬೇಡ.

ನಿನ್ನ ಮಾವ
ತೀತಪ್ಪ


ವಡಾಲ
19 ಮಾರ್ಚ್ 1972

ಪ್ರಿಯ ಮಾವನವರಿಗೆ ವಂದನೆಗಳು.

ಉತ್ತರ ತಡವಾಯಿತು, ಸಿಟ್ಟಾಗಬೇಡಿರಿ. ಈಗ ಭಾನುವಾರ ಸಂಜೆ ನಮ್ಮ ಒಂದೇ ಖೋಲಿಯ ಮನೆಯಲ್ಲೇ ಕೂಟ ನಡೆಯುತ್ತದೆ. ನಿಮ್ಮ ಮಗ ಕೈ ಇಡುತ್ತಾರೆಂದು ಸುದ್ದಿಯಾಗಿ ಧಾರಾವಿಯಿಂದ, ಸಾಯನ್ನಿನಿಂದ ಜನ ಬರುತ್ತಾರೆ. ಚಾಳದ ಮೆಟ್ಟಿಲಿನ ತನಕ ಚಪ್ಪಲಿ. ಬಂದವರಿಗೆ ಚಹಾ ಮಾಡಿ ಕೊಡುವುದು, ಕಪ್ಪು ತೊಳೆಯುವುದು ನನ್ನ ಕೆಲಸ. ನಡುವೆ ಅವರು ಕರೆದಾಗ ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ನನಗೆ ವಾಸಿಯಾಯಿತೆಂದು ಸಾಕ್ಷಿ ಹೇಳುತ್ತೇನೆ.

ನೀವು ಕೇಳುತ್ತೀರೆಂದು ಗೊತ್ತಿದೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಸೂಜಿ ಬಿಟ್ಟು ತಿಂಗಳಾಯಿತು. ಗುಳಿಗೆಗಳನ್ನೂ ಬಿಟ್ಟೆ. ಬಿಡು ಅಂತ ಬ್ರದರ್ ಹೇಳಲಿಲ್ಲ. "ಮದ್ದು ಬೇಡ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಆದರೆ ಒಂದೇ ಬಾಯಲ್ಲಿ ಸಾಕ್ಷಿಯನ್ನೂ ಹೇಳಿ ಮಾತ್ರೆಯನ್ನೂ ನುಂಗಿದರೆ, ಕರ್ತನು ಯಾವುದನ್ನು ನಂಬಬೇಕು?" ಅಂದರು. ಮನೆಗೆ ಬಂದ ಮೇಲೆ ನಿಮ್ಮ ಮಗನೂ ಬಿಡು ಅನ್ನಲಿಲ್ಲ. ನನ್ನ ಮುಖ ನೋಡುತ್ತ ಕೂತರು. ಗುಳಿಗೆಯ ಬಾಟ್ಲಿಯನ್ನು ನಾನೇ ಎತ್ತಿ ಕಸದ ಡಬ್ಬಿಗೆ ಹಾಕಿದೆ. ಅವರು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇನ್ನೊಂದು ನಿಯಮವಿದೆ. ವಾಸಿಯಾದ ರೋಗದ ಹೆಸರನ್ನು ಬಾಯಲ್ಲಿ ತರಬಾರದು. ಹೆಸರು ಹಿಡಿದು ಕರೆದರೆ ಅದು ತಿರುಗಿ ಬರುತ್ತದಂತೆ. ಅದಕ್ಕೇ ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ.

ಭಾಗವ್ವ ಅಂತ ಒಬ್ಬಾಕೆ ಇದ್ದಾಳೆ, ವಿಜಾಪುರ ಕಡೆಯವಳು. ಗಂಡ ನಿಂಗಣ್ಣ ಧಾರಾವಿಯ ಚರ್ಮದ ಕಾರಖಾನೆಯಲ್ಲಿದ್ದಾನೆ. ಕ್ರಿಸ್ತನವರಲ್ಲ. ಮುನಸಿಪಾಲಿಟಿ ದವಾಖಾನೆಯಲ್ಲಿ ಸೂಜಿಗೆ ಸಾಲು ಹಚ್ಚುವಾಗ ನನ್ನ ಹಿಂದೆ ನಿಲ್ಲುತ್ತಿದ್ದಳು. ಆ ಸಾಲಿನಲ್ಲಿ ಕನ್ನಡದವರು ನಾವಿಬ್ಬರೇ. ಮರಾಠಿ ನರ್ಸು ಬೈದರೆ ಇಬ್ಬರೂ ಕನ್ನಡದಲ್ಲಿ ತಿರುಗಿ ಬೈಯುತ್ತಿದ್ದೆವು. ನಾನು ಹೋಗುವುದನ್ನು ಬಿಟ್ಟ ಮೇಲೆ ಸತ್ತೇಹೋದೆನೆಂದು ತಿಳಿದು, ವಿಳಾಸ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ನನ್ನನ್ನು ನೋಡಿ, "ಅಕ್ಕಾ, ಮೈ ಕೈ ತುಂಬ್ಯಾವಲ್ಲ. ಏನ್ ಮಾಡಿದಿ, ನನಗೂ ಹೇಳ" ಅಂದಳು. ಹೇಳಿದೆ. ಮುಂದಿನ ಭಾನುವಾರದಿಂದ ಕೂಟಕ್ಕೆ ಬರುತ್ತಿದ್ದಾಳೆ.

ಫೀಬಿಗೆ ಹಳದಿ ಫ್ರಾಕು ಹೊಲಿದಿದ್ದೇನೆ. ಅಳತೆ ಅಂದಾಜಿನದು. ಮಾರ್ಥಕ್ಕನಿಗೆ ಹೇಳಿ ಒಂದು ದಾರದಿಂದ ಅವಳ ಎತ್ತರ ಅಳೆಸಿ, ಆ ದಾರವನ್ನು ಪತ್ರದಲ್ಲಿ ಇಟ್ಟು ಕಳಿಸಿರಿ.

ನಿಮ್ಮ
ದಯಾಮಣಿ

(ಅಪ್ಪಾ, ಮೇ ಮೊದಲ ವಾರ ಬಂದು ಫೀಬಿಯನ್ನು ಕರೆದೊಯ್ಯುತ್ತೇನೆ. — ಸಿಲ್ವಾನ)


ಬೆಟಗೇರಿ
6 ಏಪ್ರಿಲ್ 1972

ದಯವ್ವ,

ಈ ಪತ್ರ ಇಬ್ಬರಿಗೂ. ಗಟ್ಟಿಯಾಗಿ ಓದು, ಅವನೂ ಕೇಳಲಿ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನೀವು ಹೆಸರು ಹೇಳುವುದಿಲ್ಲವಾದರೆ ನಾನು ಹೇಳುತ್ತೇನೆ. ಕ್ಷಯ. ಟಿ.ಬಿ. ಇಗೋ, ಎರಡು ಸಲ ಬರೆದೆ. ಹೆಸರು ಹೇಳಿದರೆ ಬರುತ್ತದೆ, ಹೇಳದಿದ್ದರೆ ಹೋಗುತ್ತದೆ ಎಂಬುದು ನಮ್ಮ ಅಜ್ಜಿಯರ ಕಾಲದಲ್ಲಿ ಹಾವಿನ ವಿಷಯಕ್ಕೆ ಇತ್ತು. ಅದನ್ನು ಬಿಟ್ಟು ಬಂದೆವೆಂದು ತಿಳಿದಿದ್ದೆ. ಮಲಾಡಿನ ಮಹಡಿಯ ಮನೆಯಲ್ಲಿ ಅದು ಪವಿತ್ರಾತ್ಮನ ಹೆಸರಿನಲ್ಲಿ ಮತ್ತೆ ಕೂತಿದೆ.

ನಾನು ಹೇಳುವುದು ಇಷ್ಟೇ. ಎದೆಯ ಫೋಟೋ ತೆಗೆಸಿರಿ. ನೀನು ವಾಸಿಯಾಗಿದ್ದರೆ ಫೋಟೋಕ್ಕೆ ಹೆದರಿಕೆ ಯಾಕೆ? ಕುಷ್ಠದಿಂದ ಶುದ್ಧಿಯಾದವನು ಯಾಜಕನಿಗೆ ಮೈ ತೋರಿಸಬೇಕೆಂಬ ಪದ್ಧತಿ ಹಿಂದೆ ಇರಲಿಲ್ಲವೇ? ಈಗಿನ ಯಾಜಕ ಆ ದವಾಖಾನೆಯ ಡಾಕ್ಟರ್. ಎದೆ ತಿಳಿಯಾಗಿದೆ ಎಂದು ಅವನು ಹೇಳಿದ ದಿನವೇ ನಾನು ಫೀಬಿಯ ಕೈ ಹಿಡಿದು ಗಾಡಿ ಹತ್ತುತ್ತೇನೆ. ಅಲ್ಲಿಯವರೆಗೆ ಮಗು ಇಲ್ಲೇ ಇರುತ್ತದೆ.

ದಯವ್ವ, ನಿನ್ನಿಂದ ಮಗುವನ್ನು ಕಿತ್ತುಕೊಳ್ಳುತ್ತಿದ್ದೇನೆಂದು ತಿಳಿಯಬೇಡ. ದಾರ ಇಟ್ಟಿದ್ದೇನೆ. ತುದಿಗೆ ಗಂಟು ಹಾಕಿದ್ದು ಅವಳೇ.

ತೀತಪ್ಪ


ವಡಾಲ
11 ಜೂನ್ 1972

ಮಾವನವರೇ,

ಇದನ್ನು ನಾನೇ ಸ್ಟೇಷನ್ನಿನ ಪೋಸ್ಟ್ ಡಬ್ಬಿಗೆ ಹಾಕುತ್ತಿದ್ದೇನೆ. ಅವರು ನೋಡಿಲ್ಲ.

ನಿಮ್ಮ ಏಪ್ರಿಲ್ ಪತ್ರವನ್ನು ಗಟ್ಟಿಯಾಗಿ ಓದಿದೆ. ಮೇ ತಿಂಗಳಲ್ಲಿ ಅವರು ಬರಲಿಲ್ಲ, ಸಿಟ್ಟಿನಿಂದ. ಈಗ ಹೊರಟಿದ್ದಾರೆ. ಜುಲೈಯಲ್ಲಿ ಬಂದು ಮಗುವನ್ನು ಕೇಳುತ್ತಾರೆ. ತಂದೆಯ ಅಪನಂಬಿಕೆಯಿಂದ ತಮ್ಮ ಕೈಯ ವರ ಸೊರಗುತ್ತಿದೆ ಎಂದು ಅವರಿಗೆ ಅನಿಸಿದೆ. ಫೀಬಿ ಈ ಮನೆಯಲ್ಲಿ ನಗುತ್ತಾ ಓಡಾಡಿದರೆ ಅದೇ ದೊಡ್ಡ ಸಾಕ್ಷಿ ಅನ್ನುತ್ತಾರೆ.

ಫೀಬಿಯನ್ನು ಕಳಿಸಬೇಡಿರಿ.

ಯಾಕೆಂದು ಕೇಳಬೇಡಿರಿ, ನನಗೆ ಹೇಳಲು ಬರುವುದಿಲ್ಲ. ಈಗ ನಳಕ್ಕೆ ಎಲ್ಲರಿಗಿಂತ ಮೊದಲು ಹೋಗಿ ನನ್ನ ಕರವಸ್ತ್ರ ಒಗೆದುಕೊಂಡು ಬರುತ್ತೇನೆ. ಇಷ್ಟೇ ಬರೆಯಬಲ್ಲೆ. ಅವರಿಗೆ ಹೇಳಿದರೆ ಅವರು ಮುರಿದುಹೋಗುತ್ತಾರೆ. ಬಂದರಿನ ಡಾಕ್ ಕೆಲಸದಿಂದ ದಣಿದು ಬಂದು, ಅನ್ನವನ್ನೂ ಉಣ್ಣದೆ ಯಾರ್ಯಾರೋ ರೋಗಿಗಳ ತಲೆಯ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಆ ಮುಖಕ್ಕೆ ನಾನು ಹೇಗೆ ಹೇಳಲಿ?

ಹಳದಿ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿದ್ದೇನೆ. ದಾರ ನನ್ನ ದಿಂಬಿನ ಕೆಳಗಿದೆ.

ದಯಾ


ಬೆಟಗೇರಿ
19 ಜೂನ್ 1972

ಸಿಲ್ವಾನ,

ಮೇ ತಿಂಗಳಲ್ಲಿ ನೀನು ಬರಲಿಲ್ಲ. ಇನ್ನು ಬಂದರೂ ಫೀಬಿಯನ್ನು ನಾನು ಕಳಿಸುವುದಿಲ್ಲ. ಇದು ನನ್ನೊಬ್ಬನ ತೀರ್ಮಾನ. ಬೇರೆ ಯಾರೂ ನನಗೆ ಹೇಳಿಕೊಟ್ಟಿಲ್ಲ. ಬೈಯುವುದಿದ್ದರೆ ನನ್ನನ್ನೇ ಬೈ. ನನಗೆ ನಂಬಿಕೆ ಸಾಲದೆಂದು ಅನ್ನುವುದಿದ್ದರೆ ಅನ್ನು.

ನಿನ್ನ ಹೆಂಡತಿಯನ್ನು ದವಾಖಾನೆಗೆ ಕರೆದುಕೊಂಡು ಹೋಗು. ಉಪದೇಶಿಯಾಗಿ ಹೇಳುತ್ತಿಲ್ಲ, ಅಪ್ಪನಾಗಿ ಹೇಳುತ್ತಿದ್ದೇನೆ. ಕಳೆದ ತಿಂಗಳು ಸೈಕಲ್ಲಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೇನೆ. ಇಲ್ಲದಿದ್ದರೆ ಈ ಪತ್ರದ ಬದಲು ನಾನೇ ಬಂದು ನಿನ್ನ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಂದು ಸಾಲಾದರೂ ಬರೆ.

ಅಪ್ಪ


ವಡಾಲ
24 ಸೆಪ್ಟೆಂಬರ್ 1972

ಮಾವನವರೇ,

ನಿಮ್ಮ ಜೂನ್ ಪತ್ರ ಓದಿ ಅವರು ಊರಿಗೆ ಬರಲೂ ಇಲ್ಲ, ನಿಮಗೆ ಬರೆಯಲೂ ಇಲ್ಲ, ನಾನೂ ಬರೆಯಲಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿರಿ.

ಭಾಗವ್ವ ತೀರಿಹೋದಳು.

ನನ್ನನ್ನು ನೋಡಿ ಅವಳೂ ಸೂಜಿ ಬಿಟ್ಟಿದ್ದಳು. ಏಪ್ರಿಲಿನಲ್ಲಿ ನಿಮ್ಮ ಮಗ ಕೈ ಇಟ್ಟರು, ಅವಳು ಅಳುತ್ತಾ ನಕ್ಕಳು, ಬೆನ್ನೆಲ್ಲ ಬೆಚ್ಚಗಾಯಿತು ಅಂದಳು. ಎರಡು ತಿಂಗಳು ಚೆನ್ನಾಗಿದ್ದಳು. ಮಳೆ ಶುರುವಾದ ಮೇಲೆ ಜ್ವರ ಹತ್ತಿತು. ಕೂಟಕ್ಕೆ ಎತ್ತಿಕೊಂಡು ಬಂದರು. ನಿಮ್ಮ ಮಗ ಮತ್ತೆ ಮತ್ತೆ ಕೈ ಇಟ್ಟರು. ಬ್ರದರ್ ಬಂದು ನೋಡಿ, "ಮನೆಯಲ್ಲಿ ಬೇರೆ ದೇವರು ಎಂಥದಾದರೂ ಇಟ್ಟಿದ್ದೀರಾ?" ಅಂತ ಕೇಳಿದರು. ಪೆಟ್ಟಿಗೆಯಲ್ಲಿ ಎಲ್ಲಮ್ಮನ ಸಣ್ಣ ಬೆಳ್ಳಿ ಮುಖ ಇತ್ತು, ಭಾಗವ್ವನ ತಾಯಿ ಕೊಟ್ಟದ್ದು. "ಅದೇ ತಡೆ" ಅಂದರು. ನನಗೂ ಒಂದು ಕಾಲಕ್ಕೆ ಅದೇ ಮಾತು ಹೇಳಿದ್ದರು. ನಿಂಗಣ್ಣ ಅದನ್ನು ಒಯ್ದು ಮಾಹಿಮ ಖಾಡಿಯ ನೀರಿನಲ್ಲಿ ಎಸೆದು ಬಂದ. ಭಾಗವ್ವ ಅವತ್ತು ನನ್ನ ಕೈ ಹಿಡಿದು, "ಅವ್ವ ಕೊಟ್ಟದ್ದು ಅಕ್ಕಾ. ಹೋಗಲಿ ಬಿಡ, ಆರಾಮ ಆದ್ರ ಸಾಕು" ಅಂದಳು. ಆರಾಮ ಆಗಲಿಲ್ಲ. ಕಡೆಗೆ ದವಾಖಾನೆಗೆ ಒಯ್ದಾಗ ಅಲ್ಲಿಯವರು ಬಹಳ ತಡವಾಯಿತು ಅಂದರು.

ಅದಾಗಿ ಬಂದ ಭಾನುವಾರ ನಿಂಗಣ್ಣ ಕೂಟಕ್ಕೆ ಬಂದ. ಜಗಳಕ್ಕೆ ಬಂದಿದ್ದಾನೆಂದು ಎಲ್ಲರೂ ಹೆದರಿದರು. ಅವನು ಜಗಳ ಮಾಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಮುಂದೆ ನಿಂತ. ನಾನು ಚಹಾದ ಕಪ್ಪು ಹಿಡಿದುಕೊಂಡಿದ್ದೆ.

"ಅಕ್ಕಾರ, ನಿಮಗ ಆರಾಮ ಆತಲ್ರೀ. ನಮ್ಮಾಕಿಗಿ ಯಾಕ ಆಗಲಿಲ್ಲ? ನಾ ಏನ್ ತಪ್ಪು ಮಾಡಿದೆ, ಅದನ್ನಷ್ಟ ಹೇಳ್ರಿ. ಮಗಳೊಬ್ಬಾಕಿ ಅದಾಳ. ಅಕಿಗರ ಆ ತಪ್ಪು ಆಗಬಾರದು."

ಮಾವನವರೇ, ಅವನು ನಿಜವಾಗಿ ತಿಳಿಯಲಿಕ್ಕೆ ಕೇಳಿದ. ತನ್ನಿಂದ ಹೆಂಡತಿ ಸತ್ತಳೆಂದು ನಂಬಿದ್ದ. ಭಾಗವ್ವನೂ ಹಾಗೆಯೇ ನಂಬಿ ಸತ್ತಿದ್ದಾಳೆ. ಅವಳು ನನ್ನ ಬಾಗಿಲಿಗೆ ಬಂದಾಗ ನನಗೆ ಮೈ ತುಂಬಿದ್ದು ನಿಜ. ಆದರೆ ಅವಳ ಬೆನ್ನಿನ ಮೇಲೆ ಕೈ ಇಡುವ ಹೊತ್ತಿಗೆ ನನ್ನ ಕರವಸ್ತ್ರ ಕೆಂಪಾಗಲು ಶುರುವಾಗಿತ್ತು. ಒಂದು ಮಾತು ಹೇಳಿದ್ದರೆ ಅವಳು ಸೂಜಿಯ ಸಾಲಿಗೆ ತಿರುಗಿ ಹೋಗುತ್ತಿದ್ದಳು.

ಬ್ರದರ್ ಮಾತಾಡಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಕಪ್ಪನ್ನು ಕೆಳಗಿಟ್ಟು ಹೇಳಿಬಿಟ್ಟೆ. "ನಿಂಗಣ್ಣಾ, ನಿನ್ನ ತಪ್ಪು ಏನೂ ಇಲ್ಲ. ನನಗೂ ಆರಾಮ ಆಗಿಲ್ಲ. ನನಗ ಟಿ.ಬಿ. ಐತಿ. ಏಪ್ರಿಲದಿಂದ ರಕ್ತ ಬೀಳಾಕ ಹತ್ತೈತಿ." ಕೂಟದಲ್ಲಿ ಔಷಧ ಬಿಟ್ಟವರು ಇನ್ನೂ ಇಬ್ಬರಿದ್ದರು. ಅವರ ಕಡೆ ತಿರುಗಿ, ನಾಳೆ ಬೆಳಿಗ್ಗೆ ದವಾಖಾನೆಗೆ ಹೋಗಿರಿ, ನಾನೂ ಬರುತ್ತೇನೆ ಅಂದೆ. ಸೆರಗಿನಲ್ಲಿದ್ದ ಕರವಸ್ತ್ರ ತೆಗೆದು ತೋರಿಸಿದೆ.

ಟೈಪಿಸ್ಟ್ ಹುಡುಗಿ ಎದ್ದು ಹೊರಗೆ ಹೋದಳು, ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಬ್ರದರ್ ನಿಮ್ಮ ಮಗನ ಹೆಗಲು ಮುಟ್ಟಿ, "ಪ್ರಾರ್ಥನೆ ಮಾಡಿ ಬ್ರದರ್" ಅಂದು ಹೊರಟರು. ನಿಂಗಣ್ಣ ಕಟ್ಟಕಡೆಗೆ ಹೋದ. ನನಗೆ ಕೈ ಮುಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿಮ್ಮ ಮಗ ಮೂಲೆಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಇವತ್ತಿನವರೆಗೂ ನನ್ನ ಜೊತೆ ಮಾತಿಲ್ಲ. ಬೆಳಿಗ್ಗೆ ಎದ್ದು ನೀರು ತುಂಬುತ್ತಾರೆ, ಅಕ್ಕಿ ಬೇಯಿಸುತ್ತಾರೆ, ಡ್ಯೂಟಿಗೆ ಹೋಗುತ್ತಾರೆ. ಕೂಟ ನಿಂತಿದೆ.

ಎದೆಯ ಫೋಟೋ ತೆಗೆಸಿದೆ. ತಿಳಿಯಾಗಿಲ್ಲ.

ದಯಾ


ಬೆಟಗೇರಿ
2 ಅಕ್ಟೋಬರ್ 1972

ನನ್ನ ಮಗಳೇ,

ಪ್ಲಾಸ್ಟರ್ ಬಿಚ್ಚಿದ್ದಾರೆ. ಕೋಲು ಹಿಡಿದು ನಡೆಯುತ್ತೇನೆ. ಶುಕ್ರವಾರದ ಗಾಡಿಗೆ ಹೊರಟಿದ್ದೇನೆ, ಶನಿವಾರ ದಾದರಕ್ಕೆ ಬರುತ್ತೇನೆ. ಯಾರೂ ಸ್ಟೇಷನ್ನಿಗೆ ಬರುವುದು ಬೇಡ. ಫೀಬಿಯನ್ನು ತರುವುದಿಲ್ಲ, ನಿನಗೆ ಗೊತ್ತಿದೆ.

ಆ ಮನುಷ್ಯನ ಮುಂದೆ ನೀನು ಹೇಳಿದ್ದನ್ನು ಓದಿ ನಾನು ಅತ್ತೆ. ಮಾರ್ಥ ಹೆದರಿ ಓಡಿಬಂದಳು. ನಾನು ಮೂವತ್ತು ವರ್ಷ ಸಾಕ್ಷಿ ಹೇಳಿಸಿದವನು. ಅಂಥ ಸಾಕ್ಷಿಯನ್ನು ಒಂದು ಸಲವೂ ಕೇಳಲಿಲ್ಲ.

ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾರೆ. ಈ ಸಲ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತೇನೆ.

ಮಾವ


ಆಸ್ಪತ್ರೆ, ಹೆಂಗಸರ ವಾರ್ಡು
4 ಫೆಬ್ರವರಿ 1973

ಪ್ರಿಯ ಮಾವನವರಿಗೆ ವಂದನೆಗಳು.

ನೀವು ಇಲ್ಲಿದ್ದ ಆ ಎರಡು ವಾರ ಚೆನ್ನಾಗಿತ್ತು. ಅಪ್ಪ ಮಗ ಮಾತಾಡದಿದ್ದರೂ ಒಂದೇ ತಾಟಿನ ಎದುರು ಕೂತು ಉಣ್ಣುವುದನ್ನು ನೋಡಿದೆ. ಅಷ್ಟು ಸಾಕು.

ನೀವು ಹೋದ ಮೇಲೆ ಡಾಕ್ಟರರು ಹೇಳಿದ್ದನ್ನು ನಿಮ್ಮ ಮಗ ನಿಮಗೆ ತಿಳಿಸಿರಲಿಕ್ಕಿಲ್ಲ. ನಡುವೆ ಬಿಟ್ಟದ್ದರಿಂದ ಹಳೆಯ ಸೂಜಿಯೂ ಗುಳಿಗೆಯೂ ನನ್ನ ರೋಗಕ್ಕೆ ಈಗ ತಾಕುವುದಿಲ್ಲ. ಬೇರೆ ಔಷಧ ಕೊಟ್ಟು ನೋಡಿದರು, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ವರ್ಷ ಸುಮ್ಮನೆ ಸಾಲಿನಲ್ಲಿ ನಿಂತಿದ್ದರೆ ಸಾಕಿತ್ತು ಅಂತ ಡಾಕ್ಟರರು ಮರಾಠಿಯಲ್ಲಿ ಯಾರಿಗೋ ಹೇಳುತ್ತಿದ್ದರು. ನನಗೆ ಮರಾಠಿ ತಿಳಿಯುವುದಿಲ್ಲ ಅಂದುಕೊಂಡಿದ್ದರು.

ಸಾಯಲು ಮನಸ್ಸಿಲ್ಲ. ಹೆದರಿಕೆಯೂ ಇದೆ. ನೀವು ಉಪದೇಶಿಗಳು, ನಿಮಗೆ ಹೀಗೆ ಬರೆಯಬಾರದೇನೋ, ಆದರೆ ನಿಮ್ಮನ್ನು ಬಿಟ್ಟು ಯಾರಿಗೆ ಬರೆಯಲಿ? ದೇವರ ಮೇಲೆ ಸಿಟ್ಟು ಬಂದ ದಿನ ಪ್ರಾರ್ಥಿಸುವುದಿಲ್ಲ. ಫೀಬಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ಮಲಗುತ್ತೇನೆ. ಅವಳು ಈಗ ಅದಕ್ಕಿಂತ ಎತ್ತರವಾಗಿರುತ್ತಾಳೆ.

ಒಂದು ಸಂಗತಿ ಹೇಳಬೇಕು. ಇಲ್ಲಿ ಬರುವ ಹೆಂಗಸರಲ್ಲಿ ಕೆಲವರು ಗುಳಿಗೆ ನುಂಗುವುದಿಲ್ಲ. ತಾಯತ ಕಟ್ಟಿಸಿಕೊಂಡವರು, ಬಾಬಾನ ಬೂದಿ ತಿಂದವರು, ಸ್ವಲ್ಪ ಮೈ ಹಿಡಿಯಿತೆಂದು ಇನ್ನು ಸಾಕು ಅನ್ನುವವರು. ದಿಂಬಿನ ಕೆಳಗೆ ಬಚ್ಚಿಟ್ಟು ಎಸೆಯುತ್ತಾರೆ. ಗಂಗುಬಾಯಿ ಅಂತ ಒಬ್ಬ ಆಯಾ ಇದ್ದಾಳೆ. ಅವಳು ಅಂಥವರ ರಟ್ಟೆ ಹಿಡಿದು ನನ್ನ ಮಂಚಕ್ಕೆ ಕರೆತರುತ್ತಾಳೆ. "ದಯಾಬಾಯಿ, ಇಸ್‌ಕೋ ಬತಾವ್", ಇವಳಿಗೆ ಹೇಳು, ಅನ್ನುತ್ತಾಳೆ. ನಾನು ಹೇಳುತ್ತೇನೆ. ನನಗೆ ಅರ್ಧ ಹಿಂದಿ, ಅರ್ಧ ಮರಾಠಿ. ಭಾಷೆ ಹೇಗಾದರೂ ನಡೆಯುತ್ತದೆ, ನನ್ನನ್ನು ನೋಡಿದರೆ ಅವರಿಗೆ ತಿಳಿಯುತ್ತದೆ. ನನ್ನ ಕೈ ಈಗ ಫೀಬಿಯ ಕೈಯಷ್ಟು ಸಣ್ಣಗಾಗಿದೆ. ಅವರು ಅಲ್ಲೇ ನಿಂತು ಗುಳಿಗೆ ನುಂಗುತ್ತಾರೆ. ಬೇಗ ಬೇಗ, ನೀರೂ ಕೇಳದೆ.

ನನ್ನ ವರ ತನ್ನಷ್ಟಕ್ಕೆ ಗೊತ್ತಾಗುತ್ತದೆ ಅಂತ ನೀವು ಬರೆದಿದ್ದಿರಿ. ಇದೇ ಇರಬೇಕು. ಬೇರೆ ಯಾವುದಾದರೂ ಕೊಟ್ಟಿದ್ದರೆ ಆಗುತ್ತಿತ್ತು.

ನಿಮ್ಮ ಮಗ ವಾರಕ್ಕೆ ಎರಡು ಸಲ ಬರುತ್ತಾರೆ. ಕೈಗಳನ್ನು ಜೇಬಿನಿಂದ ತೆಗೆಯುವುದಿಲ್ಲ. ಬೆನ್ನು ನೋಯುತ್ತದೆ, ಸ್ವಲ್ಪ ಕೈ ಆಡಿಸಿರಿ ಅಂತ ಕೇಳಬೇಕೆಂದಿದ್ದೇನೆ. ವರಕ್ಕಾಗಿ ಅಲ್ಲ. ಸುಮ್ಮನೆ, ಗಂಡ ಅಂತ.

ದಯಾ


ವಡಾಲ
29 ಏಪ್ರಿಲ್ 1973

ಅಪ್ಪಾ,

ತಂತಿ ಮುಟ್ಟಿರಬೇಕು. ಗುಡ್ ಫ್ರೈಡೇ ಕಳೆದ ಮಂಗಳವಾರ ಮಣ್ಣು ಮಾಡಿದೆವು. ಇಲ್ಲಿಯ ಕನ್ನಡ ಚರ್ಚಿನ ಅಯ್ಯನವರು ಬಂದಿದ್ದರು. ಕೂಟದವರಲ್ಲಿ ಔಷಧ ಬಿಟ್ಟಿದ್ದ ಆ ಇಬ್ಬರು ಬಂದಿದ್ದರು, ಇಬ್ಬರೂ ನಡೆದುಕೊಂಡೇ ಬಂದರು. ನಿಂಗಣ್ಣ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದ. ಒಳಗೆ ಕರೆದೆ. ಬಂದು ಒಂದು ಹಿಡಿ ಮಣ್ಣು ಹಾಕಿದ.

ನಿಮಗೆ ಪತ್ರ ಬರೆಯಲು ನನಗೆ ಮುಖವಿರಲಿಲ್ಲ. ಅವಳ ಕಾಗದದ ಕೆಳಗೆ ಒಂದು ಸಾಲು ಬರೆದು ಎಲ್ಲ ಮುಗಿಸುತ್ತಿದ್ದೆ. ಈಗ ಮೇಲೆ ಬರೆಯುವವರು ಯಾರೂ ಇಲ್ಲ.

ಅಪ್ಪಾ, ಆ ದಿನ ನನ್ನ ಅಂಗೈ ಬಿಸಿಯಾದದ್ದು ಸುಳ್ಳಲ್ಲ. ನಾನು ನಾಟಕ ಮಾಡಲಿಲ್ಲ. ಅವಳಿಗೂ ತಾಕಿತ್ತು, ಭಾಗವ್ವನಿಗೂ ತಾಕಿತ್ತು. ಹಾಗಾದರೆ ಅದು ಏನು? ಯಾರು ಕೊಟ್ಟರು, ಯಾಕೆ ಕೊಟ್ಟರು? ಉತ್ತರಕ್ಕೆ ವಚನ ಬರೆದು ಕಳಿಸಬೇಡಿರಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ.

ಕಡೆಯ ವಾರ ಅವಳು ಬೆನ್ನಿನ ಮೇಲೆ ಕೈ ಆಡಿಸಲು ಕೇಳಿದಳು. ಆಡಿಸಿದೆ. ಎಲುಬು ಬಿಟ್ಟು ಏನೂ ಸಿಗಲಿಲ್ಲ. "ಕೈ ತಣ್ಣಗದಾವ" ಅಂದಳು. ತೆಗೆಯಲು ಹೋದೆ. "ಇರಲಿ" ಅಂದಳು.

ಫೀಬಿಗೆ ಹೇಳಬೇಡಿರಿ, ನಾನೇ ಬಂದು ಹೇಳುತ್ತೇನೆ. ಹಳದಿ ಫ್ರಾಕು ತರುತ್ತೇನೆ, ಚಿಕ್ಕದಾಗಿರಬಹುದು. ದಾರ ದಯಾಳ ಬೆರಳಿನಲ್ಲೇ ಇತ್ತು, ಬಿಚ್ಚಲಿಲ್ಲ.

ನಿನ್ನೆ ಅವಳ ಪಾತ್ರೆ, ಹೊದಿಕೆ ತರಲು ಆಸ್ಪತ್ರೆಗೆ ಹೋಗಿದ್ದೆ. ಅವಳ ಮಂಚದಲ್ಲಿ ಆಗಲೇ ಬೇರೆಯವರಿದ್ದರು. ಗಂಟು ಕಟ್ಟುತ್ತಿದ್ದಾಗ ಗಂಗುಬಾಯಿ ಒಬ್ಬ ಹೊಸ ಹೆಂಗಸನ್ನು ರಟ್ಟೆ ಹಿಡಿದು ಕರೆತಂದಳು. ವಯಸ್ಸು ಬಹಳ ಇರಲಿಲ್ಲ. ಮುಷ್ಟಿಯಲ್ಲಿ ಗುಳಿಗೆ ಬಿಗಿಹಿಡಿದು ನುಂಗುವುದಿಲ್ಲವೆಂದು ಹಟ ಮಾಡುತ್ತಿದ್ದಳು. ರೂಢಿಯ ಮೇಲೆ ಗಂಗುಬಾಯಿ ಆ ಮಂಚದ ತನಕ ಬಂದು, ಅಲ್ಲಿದ್ದವರನ್ನು ನೋಡಿ ನಿಂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಭೈಯಾ, ಆಪ್ ಬತಾವ್" ಅಂದಳು.

ನಾನು ಗಂಟನ್ನು ಕೆಳಗಿಟ್ಟು ಎದ್ದು ನಿಂತೆ. ಎಷ್ಟೋ ಜನರ ಮುಂದೆ ಪ್ರಸಂಗ ಮಾಡಿದವನು ನಾನು. ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ ಇಷ್ಟೇ ಹೇಳಿದೆ.

"ಮೈ ದಯಾಬಾಯಿ ಕಾ ಆದ್ಮಿ."

ಆ ವಾರ್ಡಿನಲ್ಲಿ ಎಲ್ಲರಿಗೂ ದಯಾಬಾಯಿಯ, ಅವಳ ಮೇಲೆ ಕೈ ಇಟ್ಟ ಗಂಡನ ಕಥೆ ಗೊತ್ತಿತ್ತು, ಅವಳಿಗೂ ಯಾರೋ ಹೇಳಿರಬೇಕು. ನನ್ನ ಕೈಗಳನ್ನು ನೋಡಿದಳು. ಆಮೇಲೆ ಮುಷ್ಟಿ ಬಿಚ್ಚಿ ಗುಳಿಗೆ ನುಂಗಿದಳು.

ಸಿಲ್ವಾನ